ಲೈಸೆನ್ಸ್ ಬದಲಿಸಲು ಯಾರನ್ನು ಕೇಳಬೇಕು?

ಯಾವುದಾದರೂ ಮುಕ್ತ ತಂತ್ರಾಂಶ ತನ್ನ ಲೈಸೆನ್ಸ್ ಬದಲಿಸುತ್ತಿದೆ ಎಂಬ ಸುದ್ದಿ ಬಂದರೆ ಬಹಳ ಜನ ಮೊದಲು ಹೊಸ ಲೈಸೆನ್ಸ್ ಓದುತ್ತಾರೆ. ನಾನು ಕೋಡ್ ಬರೆದವರ ಪಟ್ಟಿ ತೆರೆಯುತ್ತೇನೆ. ಬದಲಿಸುವ ಹಕ್ಕು ಯಾರ ಕೈಲಿತ್ತು, ಅವರನ್ನು ಯಾರಾದರೂ ಕೇಳಿದರೇ? ಒಂದು ಪ್ರಾಜೆಕ್ಟಿನ ಹದ ತಿಳಿಯಲು ನನಗೆ ಅಷ್ಟು ಸಾಕು.

ಕಾನೂನಿನ ಕಣ್ಣಲ್ಲಿ ಸಾಲು ಬರೆದವನದು. ಸಂಬಳಕ್ಕೆ ಬರೆದಿದ್ದರೆ ಸಾಮಾನ್ಯವಾಗಿ ಸಂಸ್ಥೆಯದು. ಲೋಕಕ್ಕೆಲ್ಲ ಹಂಚಿದ ಮಾತ್ರಕ್ಕೆ ಹಕ್ಕುಸ್ವಾಮ್ಯ ಕೈಬಿಟ್ಟಂತಾಗುವುದಿಲ್ಲ. ಹಾಗಾಗಿ ನೂರು ಜನ ಪ್ಯಾಚ್ ಕಳಿಸಿ ಬೆಳೆಸಿದ, ಜಿಪಿಎಲ್ ಎಂಬ ಲೈಸೆನ್ಸಿನ ಪ್ರಾಜೆಕ್ಟೆಂದರೆ ನೂರು ಪಾಲುದಾರರ ಪಿತ್ರಾರ್ಜಿತ ಜಮೀನು. ಪರಭಾರೆ ಮಾಡಬೇಕಾದರೆ ಎಲ್ಲರ ರುಜು ಬೇಕು.

ಆ ರುಜುಗಳನ್ನು ಹಟ ಹಿಡಿದು ಸಂಗ್ರಹಿಸಿದ್ದು ವಿಎಲ್‌ಸಿ. ವಿಡಿಯೊ ನೋಡುವ ತಂತ್ರಾಂಶವದು; ಕಂಪ್ಯೂಟರ್ ಪರದೆಯ ಮೇಲೆ ಕಿತ್ತಳೆ-ಬಿಳಿ ಟ್ರಾಫಿಕ್ ಕೋನ್ ಆಗಿ ಕೂತಿರುತ್ತದಲ್ಲ, ಅದೇ. ಪ್ಯಾರಿಸ್ ಬಳಿಯ ಎಕೋಲ್ ಸಾಂಟ್ರಾಲ್‌ನಲ್ಲಿ 1996ರಲ್ಲಿ ವಿದ್ಯಾರ್ಥಿಗಳು ಶುರುಮಾಡಿದ ಕೆಲಸ 2001ರಲ್ಲಿ ಜಿಪಿಎಲ್ ಅಡಿ ಹೊರಬಂತು. ಹತ್ತು ವರ್ಷ ಕಳೆಯುವಷ್ಟರಲ್ಲಿ ತೊಡಕು ಕಾಣಿಸಿಕೊಂಡಿತು. ವಿಎಲ್‌ಸಿಯ ಒಳಗಿನ ಎಂಜಿನ್ ಅನ್ನು ತಮ್ಮ ಆ್ಯಪ್‌ನಲ್ಲಿ ಜೋಡಿಸಿಕೊಳ್ಳಲು ಬಯಸಿದವರಿಗೆ ಜಿಪಿಎಲ್ ಅಡ್ಡ ಬರುತ್ತಿತ್ತು: ಜೋಡಿಸಿದರೆ ಇಡೀ ಆ್ಯಪ್‌ನ ಕೋಡ್ ತೆರೆದಿಡಬೇಕು. ಸಡಿಲ ಲೈಸೆನ್ಸಿನ ಬೇರೆ ಎಂಜಿನ್‌ಗಳು ಪಕ್ಕದಲ್ಲೇ ಇದ್ದವು. 2011ರ ಜನವರಿಯಲ್ಲಿ ಆ್ಯಪಲ್ ತನ್ನ ಆ್ಯಪ್ ಸ್ಟೋರ್‌ನಿಂದ ವಿಎಲ್‌ಸಿಯನ್ನು ತೆಗೆದೂ ಹಾಕಿತು. ಅಂಗಡಿಯ ಕರಾರಿಗೂ ಜಿಪಿಎಲ್‌ಗೂ ಹೊಂದಿಕೆಯಿಲ್ಲ ಎಂದು ದೂರು ಕೊಟ್ಟದ್ದು ಹೊರಗಿನವರಲ್ಲ, ವಿಎಲ್‌ಸಿಗೆ ಕೋಡ್ ಬರೆದವರಲ್ಲೇ ಒಬ್ಬರು. ಒಬ್ಬ ಪಾಲುದಾರನ ತಕರಾರಿಗೆ ಎಷ್ಟು ತೂಕವಿದೆ ಎಂಬುದು ಅಲ್ಲೇ ತಿಳಿಯಿತು.

ಪ್ರಾಜೆಕ್ಟಿನ ಮುಂದಾಳು ಜಾನ್-ಬಾಪ್ತಿಸ್ತ್ ಕೆಂಫ್ ಗಿಟ್ ದಾಖಲೆ ಬಿಡಿಸಿ, ಯಾವ ಸಾಲು ಯಾರದು ಎಂದು ಹೆಕ್ಕಿದರು. 200ಕ್ಕೂ ಹೆಚ್ಚು ಜನರನ್ನು ಹುಡುಕಿ ಒಪ್ಪಿಗೆ ಕೇಳಿದರು. ವರ್ಷಗಳ ಹಿಂದೆ ಒಂದು ದೋಷ ಸರಿಪಡಿಸಿ ಹೋದ ಹುಡುಗ ಈಗ ಎಲ್ಲಿದ್ದಾನೋ! ಅವನ ಹಳೆಯ ಇಮೇಲ್ ಸತ್ತಿದ್ದರೂ ಹಕ್ಕು ಸತ್ತಿರುವುದಿಲ್ಲ. 2011ರ ಡಿಸೆಂಬರ್‌ನಲ್ಲಿ ಎಂಜಿನ್, ಮರುವರ್ಷದ ನವೆಂಬರ್‌ನಲ್ಲಿ ಬಹುಪಾಲು ಮಾಡ್ಯೂಲುಗಳು, ಜೋಡಿಸಿಕೊಂಡವರ ಕೋಡ್ ತೆರೆಸದ ಸಡಿಲ ಲೈಸೆನ್ಸಾದ ಎಲ್‌ಜಿಪಿಎಲ್‌ಗೆ ಬಂದವು. ಕೆಲವು ಮಾಡ್ಯೂಲುಗಳು ಜಿಪಿಎಲ್‌ನಲ್ಲೇ ಉಳಿದವು. ಪೂರ್ತಿ ಗೆಲುವು ಸಿಗಲಿಲ್ಲ, ಆದರೆ ಮನೆ ಒಡೆಯಲಿಲ್ಲ.

ರೆಡಿಸ್‌ನ ಕಥೆ ಬೇರೆ. ಸಿಸಿಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ 2009ರಲ್ಲಿ ಹೊರತಂದ ಈ ಡೇಟಾಬೇಸ್ ಬಿಎಸ್‌ಡಿ ಲೈಸೆನ್ಸಿನಲ್ಲಿತ್ತು. ಬಿಎಸ್‌ಡಿ ಉದಾರಿ, ಹಳೆಯ ಕೋಡಿನ ಮೇಲೆ ಹೊಸದನ್ನು ಕಟ್ಟಿ ಬೇರೆ ಕರಾರಿನಲ್ಲಿ ಕೊಡಲು ಯಾರಪ್ಪಣೆಯೂ ಬೇಡ. 2024ರ ಮಾರ್ಚ್ 20ರಂದು ರೆಡಿಸ್ ಕಂಪನಿ ಮಾಡಿದ್ದು ಅದನ್ನೇ. ಮುಂದಿನ ಆವೃತ್ತಿಗಳನ್ನು ಎಸ್‌ಎಸ್‌ಪಿಎಲ್ ಮತ್ತು ತನ್ನದೇ ಒಂದು ಲೈಸೆನ್ಸ್, ಈ ಎರಡರಲ್ಲಿ ಒಂದನ್ನು ಒಪ್ಪಿ ಬಳಸಿ ಎಂದಿತು. ಎರಡನ್ನೂ ಓಪನ್ ಸೋರ್ಸ್ ಇನಿಷಿಯೇಟಿವ್ ಮುಕ್ತವೆಂದು ಒಪ್ಪಿಲ್ಲ. ಎಂಟೇ ದಿನದಲ್ಲಿ ಲಿನಕ್ಸ್ ಫೌಂಡೇಷನ್ನಿನ ನೆರಳಲ್ಲಿ ವಾಲ್ಕಿ ಎಂಬ ಫೋರ್ಕ್, ಅಂದರೆ ಹಳೆಯ ಮುಕ್ತ ಕೋಡಿನಿಂದ ಒಡೆದ ಕವಲು, ಹುಟ್ಟಿತು. ಅಮೆಜಾನ್, ಗೂಗಲ್, ಒರಾಕಲ್ ಬೆನ್ನಿಗೆ ನಿಂತವು. ಉದಾರತೆಗೆ ಎರಡು ಅಲಗು: ಕಂಪನಿ ಯಾರನ್ನೂ ಕೇಳದೆ ಹೋಗಬಹುದಾದರೆ ಉಳಿದವರೂ ಹಾಗೇ ಹೋಗಬಹುದು. 2025ರ ಮೇ ತಿಂಗಳಲ್ಲಿ ರೆಡಿಸ್ ಎಜಿಪಿಎಲ್ ಸೇರಿಸಿಕೊಂಡು ಮುಕ್ತ ಲೋಕಕ್ಕೆ ಮರಳಿತು. ವಾಲ್ಕಿ ಅಷ್ಟರಲ್ಲಿ ತನ್ನದೇ ಆವೃತ್ತಿಗಳನ್ನು ಹೊರತಂದು ಬೇರೆ ದಾರಿ ಹಿಡಿದಾಗಿತ್ತು.

ಕಂಪನಿಗಳ ಸಂಕಟ ಸುಳ್ಳೆನ್ನಲಾರೆ. ಇವರು ಬೆವರು ಸುರಿಸಿ ಬರೆದ ಕೋಡನ್ನು ದೊಡ್ಡ ಕ್ಲೌಡ್ ಕಂಪನಿಗಳು ಸೇವೆಯಾಗಿ ಮಾರಿ ಹಣ ಎಣಿಸಿದವು. ಮೊಂಗೋಡಿಬಿ 2018ರಲ್ಲಿ, ಇಲಾಸ್ಟಿಕ್‌ಸರ್ಚ್ 2021ರಲ್ಲಿ ಲೈಸೆನ್ಸ್ ಬದಲಿಸಿದ್ದು ಇದೇ ಸಿಟ್ಟಿನಿಂದ. ಆದರೆ ಬದಲಿಸುವುದು ಅಷ್ಟು ಸಲೀಸಾದದ್ದು ಹೇಗೆ? ಕೋಡ್ ಕಳಿಸುವವರಿಂದ ಮೊದಲೇ ಒಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿದ್ದರು: ನಿಮ್ಮ ಕೋಡನ್ನು ನಮಗೆ ಬೇಕಾದ ಕರಾರಿನಲ್ಲಿ ಕೊಡುವ ಹಕ್ಕು ನಮಗಿರಲಿ ಎಂದು. ಪ್ಯಾಚ್ ಕಳಿಸುವ ಉತ್ಸಾಹದಲ್ಲಿ ಆ ಕಾಗದ ಓದುವವರು ಕಡಿಮೆ.

ಲೈಸೆನ್ಸ್ ಬದಲಿಸಲೇಬಾರದು ಎಂಬ ಮಡಿ ನನಗಿಲ್ಲ. ನಮ್ಮ ಲೋಹಿತ್ ಕನ್ನಡ ಫಾಂಟ್ ಜಿಪಿಎಲ್ ಬಿಟ್ಟು, ಫಾಂಟುಗಳಿಗೆಂದೇ ಬರೆದ ಓಪನ್ ಫಾಂಟ್ ಲೈಸೆನ್ಸಿಗೆ ಬಂದದ್ದು ಒಳ್ಳೆಯದೇ ಆಯಿತು. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಹೊರಬಿಟ್ಟಾಗ ಅದನ್ನು ಹಂಚಿ ಹಣ ಪಡೆಯಬಾರದೆಂಬ ಷರತ್ತಿತ್ತು. 1992ರ ಆರಂಭದಲ್ಲಿ ಅದನ್ನು ಕಿತ್ತು ಜಿಪಿಎಲ್ ಹಾಕಿದರು. ಆಗ ಕೇಳಬೇಕಾದವರು ಬೆರಳೆಣಿಕೆಯ ಜನ. ಇಂದು ಸಾವಿರಾರು ಜನರ ಹಕ್ಕು ಅದರಲ್ಲಿ ಹೆಣೆದುಕೊಂಡಿದೆ. ಸ್ವತಃ ಟೊರ್ವಾಲ್ಡ್ಸ್ ಮನಸ್ಸು ಮಾಡಿದರೂ ಬದಲಿಸುವುದು ಹೆಚ್ಚುಕಡಿಮೆ ಅಸಾಧ್ಯ. ಲಿನಕ್ಸ್ ನಂಬಿ ವ್ಯವಹಾರ ಕಟ್ಟಿದವರು ನಿಶ್ಚಿಂತೆಯಿಂದ ನಿದ್ದೆ ಮಾಡುವುದು ಈ ಅಸಾಧ್ಯದ ಭರವಸೆಯಲ್ಲೇ.

ಆದ್ದರಿಂದ ಲೈಸೆನ್ಸ್ ಬದಲಿಸಬೇಕೇ ಎಂದು ತಲೆ ಕೆಡಿಸಿಕೊಂಡಿರುವ ಕಿರಿಯ ಮಿತ್ರರಿಗೆ ನನ್ನ ಸಲಹೆ ಇಷ್ಟೆ. ಬಳಸುವವರಿಗೆ ಹಳೆಯ ಲೈಸೆನ್ಸ್ ಅಡ್ಡಿಯಾಗಿದ್ದರೆ ವಿಎಲ್‌ಸಿಯಂತೆ ಮನೆ ಮನೆ ಬಾಗಿಲು ತಟ್ಟಿ. ಬೇಡ ಎಂದವರ ಕೋಡ್ ತೆಗೆದು ಹೊಸದಾಗಿ ಬರೆಯಿರಿ, ಇಲ್ಲವೇ ಹಾಗೇ ಬಿಡಿ. ಲಾಭದಲ್ಲಿ ಪಾಲು ಸಿಗುತ್ತಿಲ್ಲವೆಂಬ ಕಾರಣಕ್ಕೆ ಬದಲಿಸುವುದಾದರೆ, ಎದುರಾಳಿಯ ಬಳಿ ನಿಮಗಿಂತ ಹೆಚ್ಚು ಎಂಜಿನಿಯರುಗಳಿದ್ದಾರೆ ಎಂಬುದು ನೆನಪಿರಲಿ: ಅವರಿಗೆ ಫೋರ್ಕ್ ಮಾಡಲು ಒಂದು ವಾರ ಸಾಕು, ನಿಮಗೆ ಬಿಟ್ಟಿಯಾಗಿ ದುಡಿದವರ ವಿಶ್ವಾಸ ಮತ್ತೆ ಗಳಿಸಲು ವರ್ಷಗಳೂ ಸಾಲದು.