ಪ್ರತಿಭೂಪ್ರಕರಣವೂ ಇಂದಿನ ಜಾಮೀನೂ

ಕನ್ನಡ ನೆಲದಲ್ಲಿ ಹುಟ್ಟಿ ಭರತಖಂಡದ ಬಹುಭಾಗದಲ್ಲಿ ಮಾನ್ಯತೆಯನ್ನು ಪಡೆದ ಶಾಸ್ತ್ರಗ್ರಂಥ ಯಾವುದೆಂದು ಕೇಳಿದರೆ ಮೊದಲು ಮಿತಾಕ್ಷರೆಯ ಹೆಸರನ್ನೇ ಹೇಳಬೇಕಾಗುವುದು. ಆರನೆಯ ವಿಕ್ರಮಾದಿತ್ಯನು (1076–1126) ಕಲ್ಯಾಣದಿಂದ ರಾಜ್ಯವಾಳುತ್ತಿದ್ದ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಈ ವ್ಯಾಖ್ಯಾನವನ್ನು ರಚಿಸಿದನು. ಅದೇ ಅರಸನ ದಂಡನಾಯಕನಾದ ಮಹಾದೇವನು 1112ರಲ್ಲಿ ಇಟಗಿಯ ದೇವಾಲಯವನ್ನು ಕಟ್ಟಿಸಿದನು. ಇಟಗಿಯ ಕಂಬಗಳನ್ನು ನೋಡಿ ತಲೆದೂಗುವ ಕೊಪ್ಪಳ ಜಿಲ್ಲೆಯ ವಿದ್ಯಾವಂತರು ಅದೇ ಕಾಲದ ಈ ಗ್ರಂಥವನ್ನು ಬಿಚ್ಚಿ ನೋಡುವುದು ಅಪೂರ್ವ. 1810ರಲ್ಲಿ ಕೋಲ್‌ಬ್ರೂಕನು ಅದರ ದಾಯವಿಭಾಗವನ್ನು ಇಂಗ್ಲಿಷಿಗೆ ತಂದಂದಿನಿಂದ ಮಿತಾಕ್ಷರೆಯೆಂದರೆ ಅಣ್ಣತಮ್ಮಂದಿರ ಪಾಲುಪಾರಿಕತ್ತಿನ ಶಾಸ್ತ್ರವೆಂಬ ಭಾವನೆಯೇ ಬೇರೂರಿತು. ಆದರೆ ಋಣಾದಾನಪ್ರಕರಣದೊಳಗೆ ಅಡಗಿರುವ ಪ್ರತಿಭೂವಿಚಾರವು, ಎಂದರೆ ಹೊಣೆಗಾರನ ವಿಚಾರವು, ಇಂದಿನ ಜಾಮೀನಿನ ವ್ಯವಹಾರವನ್ನು ಕಂಡವರಿಗೆ ಹೊಸದಾಗಿ ಓದತಕ್ಕುದಾಗಿದೆ.

ಹೊಣೆಯೆಂಬುದು ದೇಶ್ಯಪದ. ಹಳಗನ್ನಡದಲ್ಲಿ ಅದು ಪೊಣೆ. ತಮಿಳಿನ ಪುಣೈ ಎಂಬುದು ಅದರ ಒಡಹುಟ್ಟು. ತಮಿಳಿನಲ್ಲಿ ಆ ಶಬ್ದಕ್ಕೆ ಕಟ್ಟು, ತೆಪ್ಪ, ಹೊಣೆ ಎಂಬ ಮೂರರ್ಥಗಳೂ ಉಂಟು. ಜಾಮೀನು ಅರಬಿಯಿಂದ ಬಂದ ಮಾತು. ನಿಜಾಮರ ಆಳಿಕೆಗೆ 1948ರವರೆಗೆ ಒಳಪಟ್ಟಿದ್ದ ಈ ಸೀಮೆಯ ಕಚೇರಿಗಳಲ್ಲಿ ಅದೇ ನಿಂತಿತು. ಶಬ್ದ ಬದಲಾದುದರಿಂದ ಹಾನಿಯೇನೂ ಇಲ್ಲ. ಶಬ್ದದೊಡನೆ ಅರ್ಥವೂ ಬದಲಾಯಿತೇ ಎಂಬುದು ವಿಚಾರಣೀಯವಾದ ಅಂಶ.

ವಿಜ್ಞಾನೇಶ್ವರನು ಮೊದಲು ಲಕ್ಷಣವನ್ನು ಹೇಳುವನು. ವಿಶ್ವಾಸವನ್ನುಂಟುಮಾಡುವುದಕ್ಕಾಗಿ ಮತ್ತೊಬ್ಬ ಪುರುಷನೊಡನೆ ಮಾಡಿಕೊಳ್ಳುವ ಒಪ್ಪಂದವೇ ಪ್ರಾತಿಭಾವ್ಯವೆಂಬುದು ಅವನ ಅಭಿಪ್ರಾಯ. ಇಲ್ಲಿ ಹಣದ ಮಾತಿಗಿಂತ ಮೊದಲು ವಿಶ್ವಾಸದ ಮಾತು ಬಂದಿರುವುದನ್ನು ಲಕ್ಷಿಸಬೇಕು. ಬಳಿಕ ಅವನು ಸ್ಮೃತಿಯನ್ನನುಸರಿಸಿ ಹೊಣೆಯನ್ನು ಮೂರು ಬಗೆಯಾಗಿ ವಿಂಗಡಿಸುವನು. ಬೇಕಾದಾಗ ಮನುಷ್ಯನನ್ನು ತಂದು ತೋರಿಸುವೆನೆನ್ನುವುದು ದರ್ಶನದ ಹೊಣೆ. ನನ್ನ ಮಾತನ್ನು ನಂಬಿ ಇವನಿಗೆ ಕೊಡಿರಿ, ಇವನು ಮೋಸಮಾಡನು ಎನ್ನುವುದು ಪ್ರತ್ಯಯದ ಹೊಣೆ. ಅವನು ಕೊಡದಿದ್ದರೆ ನಾನೇ ಕೊಡುವೆನೆನ್ನುವುದು ದಾನದ ಹೊಣೆ. ಮೊದಲ ಎರಡರಲ್ಲಿ ಮಾತು ತಪ್ಪಿದರೆ ಹೊಣೆಗಾರನೊಬ್ಬನೇ ತೆರಬೇಕು, ಅವನು ಸತ್ತರೆ ಮಕ್ಕಳಿಗೆ ಆ ಭಾರವಿಲ್ಲ. ಮೂರನೆಯದರಲ್ಲಿ ಮಾತ್ರ ಮಕ್ಕಳೂ ತೆರಬೇಕು. ಕಾರಣವು ಸ್ಪಷ್ಟವಾಗಿದೆ. ಹಣದ ಹೊಣೆ ಆಸ್ತಿಯನ್ನು ಹಿಂಬಾಲಿಸುವುದು. ಮನುಷ್ಯನನ್ನು ಬಲ್ಲೆನೆಂಬ ಹೊಣೆ ಬಲ್ಲವನೊಡನೆಯೇ ಮುಗಿಯುವುದು.

ಪ್ರತ್ಯಯದ ಹೊಣೆಗೆ ವ್ಯಾಖ್ಯಾನಕಾರನು ಕೊಡುವ ವಿವರಣೆಯು ಇನ್ನೂ ಸ್ವಾರಸ್ಯವಾದುದು. ಇವನು ಇಂಥವನ ಮಗನು, ಇವನಿಗೆ ಫಲವತ್ತಾದ ಭೂಮಿಯುಂಟು ಎಂದು ಹೊಣೆಗಾರನು ಹೇಳುವನಂತೆ. ಯಾರ ಕುಲ, ಯಾರ ಭೂಮಿ? ಹೊಣೆಗಾರನದಲ್ಲ, ಬಿಡಿಸಿಕೊಳ್ಳುವವನದು. ಇಂದಿನ ಕಚೇರಿಯಲ್ಲಿ ಹೊಣೆಗಾರನ ಹೊಲವೆಷ್ಟು ಎಂದು ಕೇಳುವರು. ಅಂದು ಅವನ ತಿಳಿವೆಷ್ಟು ಎಂದು ಕೇಳುತ್ತಿದ್ದರು. ಎರಡು ಕಾಲಗಳ ಭೇದವೆಲ್ಲವೂ ಈ ಒಂದು ಪ್ರಶ್ನೆಯಲ್ಲಿ ಅಡಗಿರುವುದು.

ಇತರ ಸ್ಮೃತಿಕಾರರೂ ಇದನ್ನೇ ಪುಷ್ಟಿಗೊಳಿಸುವರು. ಕಾತ್ಯಾಯನನ ಗ್ರಂಥವು ಪೂರ್ಣವಾಗಿ ಉಳಿದಿಲ್ಲ. ನಿಬಂಧಕಾರರು ಉದಾಹರಿಸಿದ ಶ್ಲೋಕಗಳನ್ನು ಪಾಂಡುರಂಗ ವಾಮನ ಕಾಣೆಯವರು ಸಂಗ್ರಹಿಸಿ 1933ರಲ್ಲಿ ಪ್ರಕಟಿಸಿದರು. ಅದರಲ್ಲಿ ಹೊಣೆಗೆ ಸಲ್ಲದವರ ಪಟ್ಟಿಯೊಂದಿದೆ: ಶತ್ರು, ಸೆರೆಯಲ್ಲಿರುವವನು, ದಂಡಿತನು, ಸಂದೇಹಕ್ಕೆ ಗುರಿಯಾದವನು, ರಾಜಕಾರ್ಯದಲ್ಲಿ ನಿಯುಕ್ತನಾದವನು, ಸಂನ್ಯಾಸಿ. ಇವರೊಡನೆ ಅಪರಿಚಿತನೂ ಸಲ್ಲನೆಂದು ಅವನು ವಿಧಿಸುವನು. ಓಡಿಹೋದವನನ್ನು ಹುಡುಕಿ ತರಲು ಹೊಣೆಗಾರನಿಗೆ ಮೂರು ಪಕ್ಷಗಳ ಅವಧಿಯನ್ನೂ ಕೊಡಿಸುವನು. ದೈವದಿಂದಲೋ ರಾಜನಿಂದಲೋ ಅಡ್ಡಿಯಾದರೆ ದೋಷವಿಲ್ಲವೆನ್ನುವನು. ಹೊಣೆಗಾರನು ಬಹಿರಂಗವಾಗಿ ಸಾಲವನ್ನು ತೆರಬೇಕಾಗಿ ಬಂದರೆ ಸಾಲಗಾರನು ಅವನಿಗೆ ಎರಡುಪಟ್ಟು ಹಿಂದಿರುಗಿಸಬೇಕೆಂಬುದು ಯಾಜ್ಞವಲ್ಕ್ಯನ ವಿಧಿ. ಹೀಗೆ ಶಾಸ್ತ್ರವು ಹೊಣೆಗಾರನಿಗೆ ಭಾರವನ್ನೂ ಹೊರಿಸಿತು, ಗೌರವವನ್ನೂ ಕೊಟ್ಟಿತು. ಅವನಿಗೆ ಕೂಲಿಯನ್ನು ಮಾತ್ರ ಗೊತ್ತುಮಾಡಲಿಲ್ಲ.

ಇನ್ನು ಇಂದಿನ ಹೊಣೆಗಾರನನ್ನು ನೋಡಬೇಕು. ನೆಂಟನಿಗಾಗಿಯೋ ನೆರೆಯವನಿಗಾಗಿಯೋ ಕಚೇರಿಯ ಮೆಟ್ಟಿಲೇರುವ ಸದ್ಗೃಹಸ್ಥನ ಮಾತು ಬೇರೆ. ಪ್ರಕೃತ ಹೇಳಬೇಕಾದುದು ಹೊಣೆಯನ್ನೇ ಕಸಬು ಮಾಡಿಕೊಂಡವನ ವಿಷಯ. ಅವನ ದಿನವು ನ್ಯಾಯಾಲಯದ ಬಾಗಿಲು ತೆರೆಯುವ ಮೊದಲೇ ಆರಂಭವಾಗುವುದು. ಪಹಣಿಪತ್ರ, ಕಂದಾಯದ ರಸೀದಿ, ಆಧಾರ್ ಚೀಟಿ, ಭಾವಚಿತ್ರ ಇವುಗಳ ಕಟ್ಟು ಕಂಕುಳಲ್ಲಿರುವುದು. ಛಾಪಾಕಾಗದ ಬರೆಯಿಸುವಲ್ಲಿ ಅರ್ಧತಾಸು, ಪ್ರಮಾಣಪತ್ರಕ್ಕೆ ನೋಟರಿಯ ಮುಂದೆ ಅರ್ಧತಾಸು, ವಕೀಲರ ಗುಮಾಸ್ತನೊಡನೆ ಮಾತುಕತೆ ಮತ್ತಷ್ಟು ಹೊತ್ತು. ಒಂದು ಕಡೆ ಕರೆ ಬರುವಾಗಲೇ ಮತ್ತೊಂದು ಕಡೆಯಿಂದ ದೂರವಾಣಿ ಕೂಗುವುದು. ನ್ಯಾಯಾಧೀಶರು, ಆಪಾದಿತನು ನಿಮಗೆ ಏನಾಗಬೇಕೆಂದು ಕೇಳಿದರೆ, “ನಮ್ಮ ಸ್ವಾದರಮಾವನ ಮಗಾರೀ, ಸಾಹೇಬ್ರ” ಎಂದು ಬಾಯಿಪಾಠವಾದ ಉತ್ತರ ಬರುವುದು. ಆ ಸೋದರಮಾವನ ಮಗನ ಮುಖವನ್ನು ಅವನು ಅಂದೇ ಮೊದಲು ಕಂಡಿರಬಹುದು, ಕಾಣದೆಯೂ ಇರಬಹುದು. ಬಿಡುಗಡೆಯ ಆಜ್ಞೆಯು ಸಂಜೆ ಸೆರೆಮನೆಯ ಬಾಗಿಲು ಮುಚ್ಚುವುದರೊಳಗಾಗಿ ತಲಪಬೇಕು. ತಲಪದಿದ್ದರೆ ಒಳಗಿರುವವನಿಗೆ ಮತ್ತೊಂದು ರಾತ್ರಿ ಸೆರೆಯೇ. ಆದುದರಿಂದ ಓಟವೋ ಓಟ. ಸಾಯಂಕಾಲ ಕೈಗೆ ಹಣ ಬಂದ ಬಳಿಕ ಅವನಿಗೂ ಆಪಾದಿತನಿಗೂ ಸಂಬಂಧ ಮುಗಿದಂತೆಯೇ.

ಹೊಣೆಯನ್ನು ಬಹಿರಂಗವಾದ ವ್ಯಾಪಾರವಾಗಿಯೇ ಮಾಡಿರುವ ದೇಶವು ಅಮೆರಿಕೆ. ಸಾನ್‌ಫ್ರಾನ್ಸಿಸ್ಕೋದ ಮೆಕ್‌ಡೊನೊ ಸಹೋದರರು 1898ರಲ್ಲಿ ಈ ವರ್ತಕವೃತ್ತಿಗೆ ತಳಹದಿ ಹಾಕಿದರೆಂದು ಪ್ರಸಿದ್ಧಿಯಿದೆ. ನ್ಯಾಯಾಲಯವು ಗೊತ್ತುಮಾಡಿದ ಮೊತ್ತದ ಸುಮಾರು ಹತ್ತರಲ್ಲೊಂದು ಭಾಗವನ್ನು ಗಿರಾಕಿಯಿಂದ ಪಡೆದು ವರ್ತಕನು ಹೊಣೆಯಾಗುವನು. ಆ ಹಣ ಮರಳಿ ಬಾರದು. ಗಿರಾಕಿಯು ತಪ್ಪಿಸಿಕೊಂಡರೆ ಪೂರ್ಣ ಮೊತ್ತವು ವರ್ತಕನ ಮೇಲೆ ಬೀಳುವುದು. ಆದುದರಿಂದಲೇ ಅವನು ಹಗಲಿರುಳೂ ದೂರವಾಣಿಯ ಬಳಿಯಲ್ಲಿರುವನು, ಗಿರಾಕಿಗೆ ವಿಚಾರಣೆಯ ದಿನವನ್ನು ನೆನಪುಮಾಡುವನು, ಓಡಿದವನ ಬೆನ್ನಟ್ಟುವನು. ಬೇರೆ ಸಂಸ್ಥಾನಕ್ಕೆ ಹೋಗಿಯಾದರೂ ಅವನನ್ನು ಹಿಡಿದು ತರಬಹುದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1872ರಲ್ಲಿಯೇ ಹೇಳಿತು. ಈ ಪದ್ಧತಿಯಿಂದ ಬಡವರಿಗಾಗುವ ಅನ್ಯಾಯವನ್ನು ಕಂಡು ಕೆಂಟಕಿ ಸಂಸ್ಥಾನವು 1976ರಲ್ಲಿ ಈ ವ್ಯಾಪಾರವನ್ನು ನಿಷೇಧಿಸಿತು. ಇಲಿನಾಯ್ ಸಂಸ್ಥಾನವು 2023ರಲ್ಲಿ ಹಣದ ಜಾಮೀನನ್ನೇ ತೊಡೆದುಹಾಕಿತು.

ಎರಡನ್ನೂ ತೂಗಿ ನೋಡಿದರೆ ವಿಲಕ್ಷಣವಾದ ಫಲ ತೋರುವುದು. ಅಮೆರಿಕೆಯ ವರ್ತಕನು ಹೊಣೆಯನ್ನು ಮಾರುವನು, ಆದರೆ ಹೊಣೆಯನ್ನು ಹೊರುವನು. ಇಲ್ಲಿಯ ಗುಪ್ತವರ್ತಕನು ಮಾರುವನು, ಹೊರುವುದಿಲ್ಲ. ಅವನ ಪಹಣಿ ಕೆಲವು ವೇಳೆ ಕೂಟಪತ್ರವೇ ಆಗಿರುವುದು. ನಿಜವಾದುದಾದರೂ ಅದೇ ಎರಡೆಕರೆ ಹತ್ತು ಮಂದಿಯ ಮುಚ್ಚಳಿಕೆಗೆ ಸಾಲಬೇಕಾಗುವುದು. ಹೊಣೆಗಾರನಿಗೆ ನಷ್ಟವನ್ನು ಕಟ್ಟಿಕೊಡುವೆನೆಂಬ ಒಳಒಪ್ಪಂದವು ಲೋಕಹಿತಕ್ಕೆ ವಿರುದ್ಧವೆಂಬುದು ನ್ಯಾಯಾಲಯಗಳ ಮತ. ಅದರ ಹಿಂದಿರುವ ತರ್ಕವು ಉಚಿತವಾದುದು: ತನಗೆ ನಷ್ಟವಿಲ್ಲವೆಂದು ತಿಳಿದ ಹೊಣೆಗಾರನು ಕಾವಲನ್ನು ಮರೆಯುವನು. ಈ ಕೂಟವನ್ನು ತಡೆಯಲೆಂದೇ, ತಾನು ಈಗಾಗಲೇ ಎಷ್ಟು ಮಂದಿಗೆ ಹೊಣೆಯಾಗಿರುವೆನೆಂಬುದನ್ನು ಪ್ರತಿಯೊಬ್ಬ ಜಾಮೀನುದಾರನೂ ವಿವರವಾಗಿ ಹೇಳಬೇಕೆಂಬ ವಿಧಿಯನ್ನು 2005ರ ತಿದ್ದುಪಡಿಯಲ್ಲಿ ಸೇರಿಸಿದರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 486ನೆಯ ಕಲಮಿನಲ್ಲಿಯೂ ಅದು ಉಳಿದಿದೆ. ಅಪರಿಚಿತನು ಸಲ್ಲನೆಂಬ ಕಾತ್ಯಾಯನನ ಮಾತಿಗೆ ಇದು ಬಹುದೂರದ ಪ್ರತಿಧ್ವನಿಯೆನ್ನಬಹುದು.

ಆದರೆ ಪ್ರಾಚೀನವಾದುದೆಲ್ಲವೂ ನಿರ್ದುಷ್ಟವೆಂದು ಹೊಗಳುವುದು ವಿಮರ್ಶೆಯಾಗದು. ಹೊಣೆಗಾರನಿಲ್ಲದ ವಾದಿಯನ್ನು ಕಾವಲಿನಲ್ಲಿಡಬೇಕು, ದಿನದ ಕೊನೆಗೆ ಕಾವಲುಗಾರನ ವೇತನವನ್ನು ಅವನೇ ಕೊಡಬೇಕು ಎಂಬುದೂ ಕಾತ್ಯಾಯನನ ಮತವೇ. ನಿರ್ಗತಿಕನಿಗೆ ಸೆರೆ, ಸೆರೆಯ ಮೇಲೆ ಖರ್ಚು! ಕೂಡಿ ಬಾಳುವ ಅವಿಭಕ್ತ ಸಹೋದರರು, ತಂದೆಮಕ್ಕಳು, ದಂಪತಿಗಳು ಒಬ್ಬರಿಗೊಬ್ಬರು ಹೊಣೆಯಾಗಬಾರದೆಂದು ಯಾಜ್ಞವಲ್ಕ್ಯನು ಹೇಳುವನು. ಸಾಲದ ವ್ಯವಹಾರದಲ್ಲಿ ಇದು ಸರಿಯಾದೀತು, ಏಕೆಂದರೆ ಎರಡು ಕೈಗಳಾದರೂ ಗಂಟು ಒಂದೇ. ಮನುಷ್ಯನನ್ನು ತಂದು ನಿಲ್ಲಿಸುವ ಹೊಣೆಯಲ್ಲಾದರೋ ತಾಯಿಗಿಂತ, ಅಣ್ಣನಿಗಿಂತ ಅವನನ್ನು ಬಲ್ಲವರಾರು?

ಈ ಕೊರತೆಯನ್ನು ಕಂಡು ತಿದ್ದಿದ ಶ್ರೇಯಸ್ಸು ಆಧುನಿಕ ನ್ಯಾಯಕ್ಕೆ ಸಲ್ಲಬೇಕು. ಮಧ್ಯಪ್ರದೇಶದ ಮೋತಿರಾಮನೆಂಬ ಬಡ ಗೌಂಡಿಯ ಮೊಕದ್ದಮೆಯಲ್ಲಿ ಕೆಳಗಿನ ನ್ಯಾಯಾಲಯವು ಹತ್ತು ಸಾವಿರ ರೂಪಾಯಿಗಳ ಜಾಮೀನನ್ನು ಕೇಳಿತು. ಅವನ ಸಹೋದರನು ಮುಂದೆ ಬಂದರೆ, ಅವನೂ ಅವನ ಆಸ್ತಿಯೂ ಬೇರೆ ಜಿಲ್ಲೆಯಲ್ಲಿವೆಯೆಂದು ತಳ್ಳಿಬಿಟ್ಟಿತು. 1978ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರರು ಅದನ್ನು ತಪ್ಪೆಂದು ಹೇಳಿ, ಒಂದು ಸಾವಿರ ರೂಪಾಯಿಗಳ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿಸಿದರು. ದೂರದ ಊರಿನಲ್ಲಿ ಸೆರೆಸಿಕ್ಕ ಕನ್ನಡಿಗನೋ ಮಲೆಯಾಳಿಯೋ ಸ್ಥಳೀಯ ಜಾಮೀನನ್ನು ಎಲ್ಲಿಂದ ತಂದಾನು ಎಂಬರ್ಥದ ಪ್ರಶ್ನೆಯೊಂದು ಆ ತೀರ್ಪಿನಲ್ಲಿದೆ. ಕುಷ್ಟಗಿ ಯಲಬುರ್ಗಿಗಳ ಕಡೆಯಿಂದ ಗೋವೆಗೂ ಮಂಗಳೂರಿಗೂ ಬೆಂಗಳೂರಿಗೂ ದುಡಿಯಲು ಹೋಗುವ ಕುಟುಂಬಗಳಿಗೆ ಈ ಪ್ರಶ್ನೆ ಗ್ರಂಥಸ್ಥವಾದುದಲ್ಲ. ಹೇಮಗುಡ್ಡದ ಕೂಲಿಕಾರನೊಬ್ಬನು ಅಲ್ಲಿ ಸಂದೇಹಕ್ಕೆ ಸಿಕ್ಕಿಬಿದ್ದರೆ ಅವನನ್ನು ಬಲ್ಲವರೆಲ್ಲರೂ ಇಲ್ಲಿ, ಪಹಣಿಯುಳ್ಳವರೆಲ್ಲರೂ ಅಲ್ಲಿ. ಆ ನಡುವಿನ ಬಿಡುವಿನಲ್ಲಿಯೇ ಬಾಡಿಗೆಯ ಹೊಣೆಗಾರನು ಬಂದು ನಿಲ್ಲುವನು. ಜಾಮೀನು ಮಂಜೂರಾದರೂ ಮುಚ್ಚಳಿಕೆ ಕೊಡಲಾರದೆ ಒಂದು ತಿಂಗಳು ಒಳಗೇ ಉಳಿದವನ ವಿಷಯದಲ್ಲಿ ನ್ಯಾಯಾಲಯವು ತಾನಾಗಿಯೇ ಷರತ್ತುಗಳನ್ನು ಸಡಿಲಿಸುವ ವಿಚಾರ ಮಾಡಬಹುದೆಂದು 2023ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಸೂಚಿಸಿದುದು ಇದಕ್ಕಾಗಿಯೇ.

ಸ್ವಂತ ಮುಚ್ಚಳಿಕೆಯು ಪರದೇಶದಿಂದ ಬಂದ ಹೊಸ ಕಲ್ಪನೆಯೆಂದು ಭಾವಿಸುವವರು ಗೋವಿನ ಹಾಡನ್ನು ನೆನೆಯಬೇಕು. ಪುಣ್ಯಕೋಟಿಯನ್ನು ಹುಲಿಯು ಬಿಟ್ಟುದು ಯಾರ ಜಾಮೀನಿನ ಮೇಲೆ? ಹೊಣೆಗಾರನೂ ಇಲ್ಲ, ಅಡವೂ ಇಲ್ಲ. ಹುಲಿಯು ಮೊದಲು ನಂಬಲಿಲ್ಲ, ಗೋವು ಸತ್ಯವನ್ನೇ ಮುಂದಿಟ್ಟು ನಂಬಿಸಿತು. ಕರುವು ಹೋಗಬೇಡವೆಂದು ಬೇಡಿಕೊಂಡರೂ ಮಾತಿಗೆ ತಪ್ಪದೆ ಮರಳಿತು. ಸಾಮಾನ್ಯವಾಗಿ ಈ ಹಾಡನ್ನು ಸತ್ಯದ ಕಥೆಯೆಂದು ಮಕ್ಕಳಿಗೆ ಹೇಳಿಕೊಡುವರು, ಅದು ಯುಕ್ತವೇ. ಆದರೆ ಮರಳುವ ಮುನ್ನ ಗೋವು ತನ್ನ ಕರುವನ್ನು ಒಡನಾಡಿ ಹಸುಗಳಿಗೆ ಒಪ್ಪಿಸಿತೆಂಬುದನ್ನು ಓದುಗರು ಅಷ್ಟಾಗಿ ಲಕ್ಷಿಸುವುದಿಲ್ಲ. ಆ ಹಸುಗಳು ಕರುವಿನ ಹೊಣೆ ಹೊತ್ತುದರಿಂದಲೇ ಪುಣ್ಯಕೋಟಿಯ ಮಾತು ನಡೆಯಿತು. ಒಬ್ಬನ ಸತ್ಯವು ನಿಲ್ಲಬೇಕಾದರೆ ನೆರೆಯವರ ಹೊಣೆಯೂ ಬೇಕೆಂಬುದು ಆ ಹಾಡಿನ ಮೌನವಾದ ತಾತ್ಪರ್ಯ.

ಇಲ್ಲಿ ಇನ್ನೊಂದು ಭೇದವನ್ನು ಹೇಳುವುದು ಅಗತ್ಯ. ಹೇಮಗುಡ್ಡ, ಕುಮ್ಮಟದುರ್ಗ, ಆನೆಗೊಂದಿಗಳ ಸುತ್ತಿನ ಜನರಿಗೆ ಕಂಪಿಲರಾಯನ ನೆನಪು ಇಂದಿಗೂ ಆರಿಲ್ಲ. ದಿಲ್ಲಿಯ ಸುಲ್ತಾನನ ಮೇಲೆ ದಂಗೆಯೆದ್ದು ಓಡಿಬಂದ ಬಹಾಉದ್ದೀನ ಗುರ್ಷಾಸ್ಪನಿಗೆ ಆಶ್ರಯವಿತ್ತು, ಅವನನ್ನು ಒಪ್ಪಿಸಲಾರೆನೆಂದು 1327ರಲ್ಲಿ ರಾಜ್ಯವನ್ನೂ ಪ್ರಾಣವನ್ನೂ ತೆತ್ತವನು ಅವನು. ಅದು ಅಭಯ, ಹೊಣೆಯಲ್ಲ. ಅಭಯವಿತ್ತವನು ಒಪ್ಪಿಸಬಾರದು, ಹೊಣೆಯಾದವನು ಒಪ್ಪಿಸಲೇಬೇಕು. ನ್ಯಾಯಾಲಯದ ಮುಂದೆ ಹೊಣೆಯಾಗಿ ನಿಂತು ಊರಿಗೆ ಬಂದ ಮೇಲೆ ಅಭಯದಾನ ಮಾಡುವ ನೆಂಟನೂ ಬಾಡಿಗೆಯ ಹೊಣೆಗಾರನಷ್ಟೇ ಮಾತಿಗೆ ತಪ್ಪಿದವನು. ಅವನಲ್ಲಿ ಲೋಭವಿಲ್ಲದಿರಬಹುದು, ಫಲ ಒಂದೇ.

ಒಟ್ಟಿನಲ್ಲಿ ಹೊಣೆಯ ಧರ್ಮವು ಮೂರು ಮಾತುಗಳಲ್ಲಿ ಅಡಗಿದೆ: ಬಲ್ಲವನಿಗೆ ಮಾತ್ರ ಹೊಣೆಯಾಗಬೇಕು, ಹೇಳಿದ ದಿನ ಅವನನ್ನು ತಂದು ನಿಲ್ಲಿಸಬೇಕು, ಅದಕ್ಕೆ ಕೂಲಿಯನ್ನು ಮುಟ್ಟಬಾರದು. ವಿಜ್ಞಾನೇಶ್ವರನ ಪ್ರಕರಣವು ಮೊದಲ ಎರಡನ್ನು ಇಂದಿನ ಕಚೇರಿಯ ಪದ್ಧತಿಗಿಂತ ಚೆನ್ನಾಗಿ ಬಲ್ಲುದು. ನಿರ್ಗತಿಕನ ವಿಷಯದಲ್ಲಿ ಇಂದಿನ ನ್ಯಾಯವು ಹಿಂದಿನ ಶಾಸ್ತ್ರಕ್ಕಿಂತ ದಯೆಯುಳ್ಳದು. ಬಾಡಿಗೆಯ ಹೊಣೆಗಾರನನ್ನು ನಿಂದಿಸುವುದು ಸುಲಭ. ಆದರೆ ಹೊಲಮನೆಯುಳ್ಳ ಗೃಹಸ್ಥರು, ಕಚೇರಿಯ ಗೊಡವೆ ತಮಗೇಕೆಂದು ಪಹಣಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗಹಾಕಿದುದರಿಂದಲೇ ಅವನ ಕಸಬು ಬೆಳೆಯಿತು. ತಮ್ಮ ಹೊಲದಲ್ಲಿ ಹತ್ತು ವರ್ಷ ದುಡಿದ ಆಳಿನ ಮಗನು ಸಣ್ಣದೊಂದು ಆಪಾದನೆಗೆ ಸಿಕ್ಕಿ, ಜಾಮೀನು ದೊರೆತರೂ ಹೊಣೆ ದೊರೆಯದೆ ಒಳಗೆ ಕುಳಿತಿರುವಾಗ, ಅವನನ್ನು ಬಲ್ಲ ಯಜಮಾನನು ಅರ್ಧದಿನ ಬಿಡುವುಮಾಡಿಕೊಂಡು ಗಂಗಾವತಿಗೋ ಕೊಪ್ಪಳಕ್ಕೋ ಹೋಗಿ ಬಂದರೆ ಸಾಕು. ಆ ದಿನ ಬಾಡಿಗೆಯವನಿಗೆ ಒಂದು ಗಿರಾಕಿ ಕಡಿಮೆಯಾಗುವುದು, ನ್ಯಾಯಾಲಯಕ್ಕೆ ಒಬ್ಬ ನಿಜವಾದ ಪ್ರತಿಭೂ ದೊರೆಯುವನು.