ಇಂಗಾಲದ ಮಸಿಯೂ ಕಪ್ಪುಬಿಳುಪು ಛಾಯಾಚಿತ್ರವೂ: ಒಂದು ವಿಮರ್ಶೆ

ಓಲೆಗರಿಯಲ್ಲಿ ಕಂಠದಿಂದ ಕೊರೆದ ಅಕ್ಷರಗಳಿಗೆ ಕಾಡಿಗೆ ತೀಡುವ ಕ್ರಮ ಹಸ್ತಪ್ರತಿಗಳ ಸಹವಾಸವುಳ್ಳವರಿಗೆಲ್ಲ ಸುಪರಿಚಿತವಾದದ್ದು. ಆ ಕಾಡಿಗೆ ಕಾಲಾಂತರದಲ್ಲಿ ಉದುರೀತು, ಮತ್ತೊಮ್ಮೆ ತೀಡಬೇಕಾದೀತು. ಆದರೆ ಅದರ ಕಪ್ಪು ಕೆಟ್ಟು ಬೇರೊಂದು ಬಣ್ಣವಾಗದು. ಇಂಗಾಲವು ಬೆಳಕಿಗಾಗಲಿ ಗಾಳಿಗಾಗಲಿ ಸುಲಭವಾಗಿ ಮಣಿಯುವ ದ್ರವ್ಯವಲ್ಲ. ಇಂಕ್‌ಜೆಟ್ ಯಂತ್ರಗಳಲ್ಲಿ ಕಪ್ಪುಬಿಳುಪು ಛಾಯಾಚಿತ್ರಗಳನ್ನು ಅಚ್ಚಿಸುವ ಪಾಶ್ಚಾತ್ಯರು ಕೊನೆಗೆ ಇದೇ ದ್ರವ್ಯವನ್ನು ಅರಸಿ ಬಂದದ್ದು ಕುತೂಹಲಕರವಾದ ಸಂಗತಿ.

ಅದಕ್ಕೆ ಕಾರಣವಿದೆ. ಸಾಮಾನ್ಯ ಬಣ್ಣದ ಯಂತ್ರವು ಬೂದುಬಣ್ಣವನ್ನು ನೀಲಿ, ಕೆನ್ನೇರಳೆ, ಹಳದಿ ಮಸಿಗಳ ಬೆರಕೆಯಿಂದ ಹುಟ್ಟಿಸುತ್ತದೆ. ಈ ಮೂರೂ ಒಂದೇ ವೇಗದಲ್ಲಿ ಮಾಸುವುದಿಲ್ಲವಾದ್ದರಿಂದ ಕೆಲವು ವರ್ಷಗಳಲ್ಲಿ ಚಿತ್ರ ಹಸುರಿಗೋ ಕೆಂಪಿಗೋ ತಿರುಗುತ್ತದೆ. ಅಮೆರಿಕದ ವರ್ಮಾಂಟಿನ ಮುದ್ರಣಕಾರ ಜಾನ್ ಕೋನ್ 2000ದಲ್ಲಿ ಬಳಕೆಗೆ ತಂದ ‘ಪಿಯೆಜೋಗ್ರಫಿ’ ಪದ್ಧತಿಯಲ್ಲಿ ಬಣ್ಣದ ಮಸಿಗಳ ಸ್ಥಾನವನ್ನು ಕಪ್ಪಿನದೇ ಹಲವು ತೆಳುಪುಗಳು ಆಕ್ರಮಿಸುತ್ತವೆ. ಮುಂದೆ ಇವು ಏಳರವರೆಗೂ ಏರಿದವು. ಪಾಲ್ ರೋರ್ಕ್ ಹಿಡಿದದ್ದು ಬೇರೆ ದಾರಿ. ಒಂದೇ ಗಟ್ಟಿ ಇಂಗಾಲದ ಮಸಿಯನ್ನು ಬಣ್ಣವಿಲ್ಲದ ದ್ರವದಲ್ಲಿ ತೆಳುಗೊಳಿಸುವ ಪ್ರಮಾಣಗಳನ್ನು ಅವರು ಯಾರು ಬೇಕಾದರೂ ಮಾಡಿಕೊಳ್ಳುವಂತೆ ಪ್ರಕಟಿಸಿದರು. ರಾಯ್ ಹ್ಯಾರಿಂಗ್ಟನ್ನರ ‘ಕ್ವಾಡ್‌ಟೋನ್‌ರಿಪ್’ ಎಂಬ ತಂತ್ರಾಂಶ ಎರಡೂ ದಾರಿಯವರಿಗೆ ಒದಗಿಬಂದಿತು.

ಇಲ್ಲಿ ವಿಚಾರಣೀಯವಾದ ಅಂಶವೊಂದುಂಟು. ಸೂಕ್ಷ್ಮಕಣಗಳ ಇಂಗಾಲವನ್ನು ತೆಳುವಾಗಿ ಹರಡಿದಾಗ ಅದು ಶುದ್ಧ ಬೂದಿಯಾಗಿ ಕಾಣದೆ ಕಂದುಛಾಯೆಯನ್ನು ತಾಳುತ್ತದೆ. ಕೆಂಪಿಗಿಂತ ನೀಲಿ ಬೆಳಕನ್ನು ಅದು ಹೆಚ್ಚಾಗಿ ಹೀರುವುದೇ ಇದಕ್ಕೆ ಕಾರಣ. ಕಣಗಳನ್ನು ದಪ್ಪಗೊಳಿಸಿದರೆ ಕಂದು ಇಳಿಯುತ್ತದೆ, ಆದರೆ ಮಸಿ ಬೇಗ ತಳಕ್ಕಿಳಿದು ಯಂತ್ರದ ಸೂಕ್ಷ್ಮರಂಧ್ರಗಳು ಕಟ್ಟಿಕೊಳ್ಳುತ್ತವೆ. ಆದುದರಿಂದ ‘ನ್ಯೂಟ್ರಲ್’, ‘ಸೆಲೆನಿಯಂ’ ಮುಂತಾದ ಹೆಸರಿನ ಛಾಯೆಗಳಿಗಾಗಿ ಬಣ್ಣದ ವರ್ಣದ್ರವ್ಯವನ್ನು ಬೆರೆಸುವುದು ಅನಿವಾರ್ಯವಾಯಿತು. ಮೂಲಪಾಠದೊಳಗೆ ಸೇರಿದ ಪ್ರಕ್ಷೇಪದಂತೆ ಈ ಬೆರಕೆ ಮೊದಲ ನೋಟಕ್ಕೆ ಪಾಠವನ್ನು ಸುಗಮಗೊಳಿಸುತ್ತದೆ. ಕಾಲ ಸಂದಂತೆ ತಾನೇ ಬೇರೆಯಾಗಿ ಎದ್ದು ತೋರುತ್ತದೆ. ಬಣ್ಣ ಮೊದಲು ಮಾಸುತ್ತದೆ, ಇಂಗಾಲ ನಿಲ್ಲುತ್ತದೆ, ಚಿತ್ರ ಮತ್ತೆ ಕಂದಿಗೆ ಸರಿಯುತ್ತದೆ. ಇಂತಹ ಮಸಿಗಳನ್ನೂ ಇಂಗಾಲದ ಮಸಿಗಳೆಂದೇ ಕರೆಯುವ ವಾಡಿಕೆ ಕೊಳ್ಳುವವನನ್ನು ದಾರಿ ತಪ್ಪಿಸುವಂಥದು. ರೋರ್ಕ್ ಕ್ರಮದಲ್ಲಿ ಯಾವುದನ್ನು ಎಷ್ಟು ಬೆರೆಸಿದೆಯೆಂಬುದು ಬಳಸುವವನಿಗೆ ತಿಳಿದಿರುತ್ತದೆ. ಈ ಒಂದು ಗುಣದಿಂದಲೇ, ಅಳೆಯುವ ಶ್ರಮವಿದ್ದರೂ, ಅದು ಮೇಲೆನಿಸುತ್ತದೆ. ಕೋನ್ ಪದ್ಧತಿಯ ಛಾಯಾಸೌಕುಮಾರ್ಯ ಹೆಚ್ಚಿನದೆಂಬುದನ್ನೂ ಅಲ್ಲಗಳೆಯಲಾಗದು.

ಕಾಗದದ ವಿಷಯದಲ್ಲಿ ಅನೇಕರು ಎಡವುತ್ತಾರೆ. ಮಿರುಗಿಲ್ಲದ ಕಾಗದಕ್ಕೆಂದು ಮಾಡಿದ ಕಪ್ಪು ನುಣುಪು ಕಾಗದದ ಮೇಲೆ ಕೂರದೆ ಬೆರಳಿಗೆ ಅಂಟುತ್ತದೆ. ಅಲ್ಲಿಗೆ ರಾಳದ ಹೊದಿಕೆಯುಳ್ಳ ಕಪ್ಪೇ ಬೇಕು. ಕೃತಕವಾಗಿ ಬೆಳ್ಳಗಾಗಿಸುವ ರಾಸಾಯನಿಕ ಬೆರೆತ ಕಾಗದವಂತೂ ಮಸಿ ಎಷ್ಟೇ ಸ್ಥಿರವಾಗಿದ್ದರೂ ತಾನು ಹೊಳಪುಗುಂದಿ ಹಳದಿಗೆ ತಿರುಗುತ್ತದೆ. ಮಸಿಯ ಬಗ್ಗೆ ಪುಟಗಟ್ಟಲೆ ವಾದಿಸುವವರು ಕಾಗದದ ಬಗ್ಗೆ ಒಂದು ಮಾತನ್ನೂ ಆಡದಿರುವುದು ಸೋಜಿಗ.

ಜೀರ್ಣವಾದ ಗರಿಯೊಂದರ ಛಾಯಾಪ್ರತಿಯೇ ಮುಂದಿನ ಸಂಪಾದಕನಿಗೆ ಉಳಿಯುವ ಏಕೈಕ ಸಾಕ್ಷಿಯಾಗಬಹುದಾದ ಸಂದರ್ಭಗಳುಂಟು. ಅಳಿಸಿದ ಒತ್ತಕ್ಷರಕ್ಕೂ ಹುಳು ತಿಂದ ಗೆರೆಗೂ ನಡುವಣ ಭೇದ ತಿಳಿಬೂದಿಯ ಹಂತಗಳಲ್ಲೇ ಅಡಗಿರುತ್ತದೆ. ಆ ಹಂತಗಳು ಮಾಸಿದರೆ ಪಾಠವೇ ಹೋದಂತೆ. ಇಂತಹ ಪ್ರತಿಗಳಿಗೆ ಬೆರಕೆಯಿಲ್ಲದ ಇಂಗಾಲವೂ ಬಿಳುಪುಕಾರಕವಿಲ್ಲದ ಹತ್ತಿಯ ಕಾಗದವೂ ತಕ್ಕವು. ಕಂದುಛಾಯೆಯಿಂದ ಓದಿಗೆ ಯಾವ ಬಾಧೆಯೂ ಇಲ್ಲ, ಓಲೆಯ ಬಣ್ಣವೂ ಅದೇ ಅಲ್ಲವೆ! ಬಹುದಿನ ಇಟ್ಟ ಸೀಸೆಯನ್ನು ಮಾತ್ರ ಮೆಲ್ಲನೆ ಅಲುಗಾಡಿಸಿ, ತಳಕ್ಕಿಳಿದ ಕಪ್ಪು ಮತ್ತೆ ಸಮವಾಗಿ ಬೆರೆತ ಮೇಲೆಯೇ ಯಂತ್ರಕ್ಕೆ ತುಂಬತಕ್ಕದ್ದು.