ನೇರಳೆ ಪ್ರೋಟೀನಿನ ಕವಲುದಾರಿ

ಮೊದಲು ಬಣ್ಣವನ್ನೇ ನೋಡಬೇಕು. ನೇರಳೆ ಹಣ್ಣು ತಿಂದ ಮೇಲೆ ನಾಲಿಗೆಗೆ ಹತ್ತುತ್ತದಲ್ಲ, ಆ ಬಣ್ಣ. ಮಿಕ್ಕ ಹೆಚ್ಚಿನ ಜೀವಿಗಳು ಬಾಳಲಾರದ ಕಡು ಉಪ್ಪುನೀರಿನಲ್ಲಿ ಹ್ಯಾಲೊಬ್ಯಾಕ್ಟೀರಿಯಂ ಎಂಬ ಸೂಕ್ಷ್ಮಜೀವಿ ಅದನ್ನು ತನ್ನ ಪೊರೆಯಲ್ಲಿ ಸಾಕಿಕೊಂಡಿದೆ. ಬಣ್ಣದ ಒಡೆಯ ಬ್ಯಾಕ್ಟೀರಿಯೊರೊಡಾಪ್ಸಿನ್ ಎಂಬ ಪ್ರೋಟೀನು. 1971ರಲ್ಲಿ ವಿಜ್ಞಾನಿಗಳಾದ ಓಸ್ಟರ್‌ಹೆಲ್ಟ್ ಮತ್ತು ಸ್ಟೋಕೆನಿಯಸ್ ಅದನ್ನು ಲೋಕಕ್ಕೆ ಪರಿಚಯಿಸಿದರು.

ಎಂಥ ಅಚ್ಚುಕಟ್ಟು ಅದರದು! 248 ಅಮೈನೊ ಆಮ್ಲಗಳ ಎಳೆ ಏಳು ಸಲ ಪೊರೆಯನ್ನು ಹಾದು, ನಡುವೆ ಒಂದು ರೆಟಿನಾಲ್ ಅಣುವನ್ನು ಅಪ್ಪಿಕೊಂಡಿದೆ. ವಿಟಮಿನ್ ಎ ವಂಶದ ಈ ಅಣುವೇ ನಮ್ಮ ಕಣ್ಣಲ್ಲೂ ಬೆಳಕನ್ನು ಹಿಡಿಯುವುದು. ಬೆಳಕು ತಾಕಿದೊಡನೆ, ಸೆಕೆಂಡಿನ ಲಕ್ಷಕೋಟಿಯ ಒಂದು ಪಾಲಿಗಿಂತ ಕಡಿಮೆ ಹೊತ್ತಿನಲ್ಲಿ, ಅದು ಮೈ ತಿರುವುತ್ತದೆ. ಆಮೇಲೆ ಅವಸರವಿಲ್ಲ. ಪ್ರೋಟೀನು ನೇರಳೆಯಿಂದ ಹಳದಿಗೆ ಜಾರಿ, ಒಂದು ಪ್ರೋಟಾನನ್ನು ಪೊರೆಯಾಚೆ ದಾಟಿಸಿ, ಸುಮಾರು 10 ಮಿಲಿಸೆಕೆಂಡಿನೊಳಗೆ ಮತ್ತೆ ತನ್ನ ನೇರಳೆಗೇ ಮರಳುತ್ತದೆ.

ಅಮೆರಿಕದ ರಸಾಯನಶಾಸ್ತ್ರಜ್ಞ ರಾಬರ್ಟ್ ಬರ್ಜ್ ಮೊದಲು ಸಿರಕ್ಯೂಸ್, ಆಮೇಲೆ ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ ಕುಳಿತು ಈ ಪ್ರೋಟೀನಿನ ಬೆನ್ನು ಹತ್ತಿದವರು. ಅವರ ಕಣ್ಣು ನೆಟ್ಟದ್ದು ಮರಳುವ ದಾರಿಯ ಕೊನೆಗೆ ಸಿಗುವ ಒಂದು ಕವಲಿನ ಮೇಲೆ. ಪಾರದರ್ಶಕ ಜೆಲ್‌ನಲ್ಲಿ ಪ್ರೋಟೀನನ್ನು ಹುದುಗಿಸಿ ಒಂದು ಪುಟ್ಟ ಘನ ಮಾಡಿದರು. ಅದರೊಳಗಿನ ಒಂದು ತೆಳು ಪದರಕ್ಕಷ್ಟೇ ಹಸಿರು ಬೆಳಕು ಹಾಯಿಸಬೇಕು. ಎರಡು ಮಿಲಿಸೆಕೆಂಡಿನಷ್ಟು ಕಾಯಬೇಕು. ಆಗ, ಸರಿಯಾಗಿ ಆಗ, ಪಕ್ಕದಿಂದ ಕೆಂಪು ಲೇಸರ್ ಬೀಳಬೇಕು. ಎರಡೂ ಬೆಳಕು ಸಂಧಿಸಿದ ಅಣುಗಳು ಮಾತ್ರ ಹಳೆಯ ದಾರಿ ಬಿಟ್ಟು ಕವಲಿಗೆ ಹೊರಳಿ, ‘ಕ್ಯೂ’ ಎಂಬ ಸ್ಥಿತಿಯಲ್ಲಿ ವರ್ಷಗಟ್ಟಲೆ ನೆಲೆ ನಿಲ್ಲುತ್ತವೆ. ನೇರಳೆ ಅಂದರೆ ಸೊನ್ನೆ, ಕ್ಯೂ ಅಂದರೆ ಒಂದು. ಅಳಿಸಬೇಕೆ? ನೀಲಿ ಬೆಳಕು ಸಾಕು. ಕಂಪ್ಯೂಟರಿನ ನೆನಪನ್ನು ಹಾಳೆಯ ಮೇಲಲ್ಲ, ಘನದ ಒಡಲೊಳಗೇ ಬರೆಯುವ ವಿದ್ಯೆ ಇದು.

ಸಿಲಿಕಾನ್ ದಿನೇ ದಿನೇ ಅಗ್ಗವಾಯಿತು, ಘನ ಅಂಗಡಿಗೆ ಬರಲಿಲ್ಲ. ಬರದಿದ್ದರೇನು, ಕುಸುರಿ ಕುಸುರಿಯೇ.

ಅದೇ ಪ್ರೋಟೀನು ಈಗ ಕಣ್ಣಿನ ಕಡೆಗೆ ಹೊರಟಿದೆ. ಬರ್ಜ್ ಪ್ರಯೋಗಾಲಯದ ಕೆಲಸದಿಂದ ಹುಟ್ಟಿದ ಲ್ಯಾಂಬ್ಡಾವಿಷನ್ ಕಂಪನಿ ಬೆಳಕು ಹಿಡಿಯುವ ಕೋಶಗಳು ಸತ್ತ ರೆಟಿನಾಕ್ಕೆ ಬದಲಿ ಪೊರೆ ನೇಯುತ್ತಿದೆ. ಅದಕ್ಕೆ ಸುಮಾರು 200 ಪದರ, ಪ್ರತಿ ಪದರದಲ್ಲೂ ಪ್ರೋಟೀನುಗಳು ಒಂದೇ ದಿಕ್ಕಿಗೆ ಮುಖ ಮಾಡಿರಬೇಕು. ಹಾಗಿದ್ದರೆ ಮಾತ್ರ ದಾಟಿದ ಪ್ರೋಟಾನುಗಳೆಲ್ಲ ಒಂದೇ ಕಡೆ ಸೇರಿ, ಇನ್ನೂ ಬದುಕಿರುವ ನರಕೋಶಗಳನ್ನು ತಟ್ಟಿ ಎಬ್ಬಿಸಿಯಾವು. ಗುರುತ್ವದ ಎಳೆತವಿಲ್ಲದೆ ಪದರಗಳು ಇನ್ನೂ ನಯವಾಗಿ ಕೂರುತ್ತವೆಯೇ ಎಂದು ನೋಡಲು 2018ರ ಕೊನೆಯಲ್ಲಿ ಈ ನೇಯ್ಗೆಯನ್ನು ಅಂತರಿಕ್ಷ ನಿಲ್ದಾಣಕ್ಕೂ ಕಳಿಸಿದರು.

ಕಣ್ಣಿನ ಕೆಲಸ ದೊಡ್ಡದು, ಒಪ್ಪಿದೆ. ಆದರೂ ನನ್ನ ಮನಸ್ಸು ಹೋಗುವುದು ಆ ಘನದ ಕಡೆಗೇ. ಬರ್ಜ್ 1995ರ ಮಾರ್ಚ್‌ನ ‘ಸೈಂಟಿಫಿಕ್ ಅಮೆರಿಕನ್’ನಲ್ಲಿ ಪ್ರೋಟೀನು ಕಂಪ್ಯೂಟರುಗಳ ಬಗ್ಗೆ ಬರೆದಿದ್ದಾರೆ. ಹಳೆಯ ಸಂಚಿಕೆ ಎಲ್ಲಾದರೂ ಸಿಕ್ಕರೆ ಬಿಡಬೇಡಿ, ನಿಧಾನವಾಗಿ ಓದಿ.